ಕಡಲು ಇಳಿದ ವಾರ

ಮೊದಲು ಗಾಳಿ ದಿಕ್ಕು ಬದಲಿಸಿತು.
ಜಲಸಂಧಿಯ ನೀರನ್ನೆಲ್ಲ ಗುಡಿಸಿ ಆಚೆ ಕಡಲಿಗೆ ತಳ್ಳಿತು.
ಹಡಗುಕಟ್ಟೆಯ ಕಂಬಗಳು ಮೊಣಕಾಲಿನ ತನಕ ಬೆತ್ತಲೆ.
ಹೀಯುಮಾ ದ್ವೀಪಕ್ಕೆ ಫೆರ್ರಿ ಇಲ್ಲ, ನೀರು ಸಾಲದು,
ಎಂದು ರೇಡಿಯೊ ಹೇಳಿದಾಗ
ನಾನು ಹಂದಿಯ ಕರುಳು ತೊಳೆಯುತ್ತಿದ್ದೆ,
ಉಪ್ಪುನೀರಿನಲ್ಲಿ, ಒಳಮೈ ಹೊರಗೆ ಮಾಡಿ.

ಶನಿವಾರಕ್ಕೆ ನಲವತ್ತು ಜನ ಹೇಳಿದ್ದರು,
ಟಾಲಿನ್ನಿನ ಯಾವುದೋ ಕಿಟಕಿ ಕಂಪನಿ,
ವರ್ಷದ ಕೊನೆಯ ಊಟ. ಮುಂಗಡ ಕೊಟ್ಟಿರಲಿಲ್ಲ,
ನಾನೂ ಕೇಳಿರಲಿಲ್ಲ.
ನನ್ನಲ್ಲಿರುವುದು ಇಪ್ಪತ್ತಾರು ಕುರ್ಚಿ.
ಉಳಿದ ಹದಿನಾಲ್ಕನ್ನು ಬೆಂಕಿ ಆರಿಸುವವರ ಠಾಣೆಯಿಂದ
ಕಡ ತಂದು ಒರೆಸಿಟ್ಟಿದ್ದೆ.
"ಕ್ಷಮಿಸಿ, ಕಡಲು ನಮ್ಮ ಕೈಲಿಲ್ಲವಲ್ಲ,"
ಅಂದಳು ಫೋನಿನಲ್ಲಿ ಹುಡುಗಿ.
ಕರುಳು ನನ್ನ ಕೈಲಿತ್ತು.

ಆದರೂ ತುಂಬಿದೆ. ಬಾರ್ಲಿ, ರಕ್ತ, ಈರುಳ್ಳಿ, ಮರುಗ.
ರಕ್ತ ಕಾಯುವುದಿಲ್ಲ, ಫೆರ್ರಿಗೂ ಹಬ್ಬಕ್ಕೂ.
ಹೆಲ್ದುರ್ ದಾರ ಕಟ್ಟುತ್ತ ಕೂತ,
ದೀಪಸ್ತಂಭದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ
ಈಗ ನನ್ನ ಪಾತ್ರೆ ತೊಳೆಯುವವನು.
ಅವನ ಗಂಟು ಬಿಚ್ಚಲು ಗಿರಾಕಿಗಳಿಗೆ ಚಾಕು ಸಾಲದು.
ಮೂರೂವರೆಗೇ ಕತ್ತಲೆ. ಕಿಟಕಿಯಲ್ಲಿ
ನಾವಿಬ್ಬರು, ಒಂದು ಬಲ್ಬು, ನಲವತ್ತು ಖಾಲಿ ಕುರ್ಚಿ.

ದ್ವೀಪದಲ್ಲಿ ಸಿಕ್ಕಿಕೊಂಡ ಒಂದು ಜೋಡಿ ಬಂತು.
ಮೀನಿಗೆ ನಿಂಬೆ ಬೇಕಂತೆ.
ಹಲಗೆ ತೋರಿಸಿದೆ: ಈ ನೆಲದ್ದು, ಈ ನೀರಿನದು ಮಾತ್ರ.
ಹುಳಿ ಎಲೆಕೋಸಿನ ರಸ ಹಿಂಡಿಕೊಟ್ಟೆ.
ಮುಖ ಸೊಟ್ಟಗೆ ಮಾಡಿದರು, ತಿಂದರು, ಇನ್ನಷ್ಟು ಕೇಳಿದರು.
ಮೆಣಸಿನ ಬಿಸ್ಕತ್ತು ಇಟ್ಟಾಗ ಅವಳು ನಕ್ಕು,
"ಈ ಮೆಣಸು ಯಾವ ಹೊಲದ್ದು?" ಅಂದಳು.
ಸಿಕ್ಕಿಬಿದ್ದೆ.
ಯಾವ ಬಳ್ಳಿಯದೋ, ಯಾವ ಮಳೆಯದೋ, ನನಗೆ ಗೊತ್ತಿಲ್ಲ.
ಅಜ್ಜಿಯ ಅಜ್ಜಿಯೂ ಅದನ್ನೇ ಕುಟ್ಟುತ್ತಿದ್ದಳು.
ಅಷ್ಟು ಕಾಲ ಮನೆಯಲ್ಲಿದ್ದವರನ್ನು
ನೆಂಟರು ಅನ್ನುತ್ತಾರೆಯೇ?

ಊರವರು ಆಮೇಲೆ ಬಂದರು, ಒಬ್ಬೊಬ್ಬರಾಗಿ,
ಸುಮ್ಮನೆ ಈ ಕಡೆ ಬಂದಿದ್ದೆ ಅನ್ನುವ ಮುಖ ಹೊತ್ತು.
ಬಲೆಯ ಎಂಡೆಲ್, ಅಂಚೆಯ ಲೈನೆ, ಲೈನೆಯ ಮೂರು ಮಕ್ಕಳು.
ಅರ್ಧ ಬೆಲೆ ಅಂದೆ. ಪೂರ್ತಿ ಕೊಟ್ಟರು ಕೆಲವರು,
ಕೆಲವರು ಅರ್ಧಕ್ಕೂ ಚೌಕಾಶಿ ಮಾಡಿದರು.
ಎಂಡೆಲ್ ಒಂದು ಬಕೆಟ್ ಪರ್ಚ್ ಮೀನು ಬಾಗಿಲಲ್ಲಿಟ್ಟು
ನಾಲ್ಕು ಜನರ ಊಟ ಉಂಡ.
ಲೆಕ್ಕದ ಪುಸ್ತಕದಲ್ಲಿ ಅದನ್ನು ಯಾವ ಕಡೆ ಬರೆಯಲಿ?

ಇಪ್ಪತ್ನಾಲ್ಕಕ್ಕೆ ಬೇಗ ಮುಚ್ಚಿ ಮಸಣಕ್ಕೆ ಹೋದೆ.
ಹಿಮದಲ್ಲಿ ಸಾಲು ಮೇಣದ ಬತ್ತಿ, ಇಡೀ ಊರು ಅಲ್ಲಿ,
ಸತ್ತವರ ಕಡೆ ನಮ್ಮೂರಿನಲ್ಲಿ ಬೆಳಕು ಹೆಚ್ಚು.
ಸಾಲ್ಮೆಗೆ ಒಂದು ಬತ್ತಿ ಹಚ್ಚಿದೆ.
ಈ ಒಲೆ ಅವಳದು. ಹನ್ನೆರಡು ವರ್ಷ ಪಕ್ಕಪಕ್ಕ ನಿಂತು
ಮರುಗದ ವಿಷಯಕ್ಕೆ ಒಂದು ದಿನವೂ ಒಮ್ಮತವಿಲ್ಲ.
"ಚಿಟಿಕೆ ಸಾಕೇ, ಉರ್ವೆ," ಅನ್ನುತ್ತಿದ್ದಳು.
ಬೆನ್ನು ತಿರುಗಿಸಿದರೆ ಹಿಡಿ ಹಾಕುತ್ತಿದ್ದೆ.

ಆ ರಾತ್ರಿ ಮಾತ್ರ ಮೇಜು ಎತ್ತಬಾರದು ನಮ್ಮಲ್ಲಿ,
ಹೋದವರು ಬಂದು ಉಣ್ಣಬೇಕು.
ವರ್ಷವೆಲ್ಲ ತಟ್ಟೆ ಎತ್ತುವುದೇ ಬದುಕಾದವಳಿಗೆ
ಎಂಜಲು ಬಿಟ್ಟು ಮಲಗುವುದು
ಎಷ್ಟು ಕಷ್ಟ, ಯಾರಿಗೆ ಹೇಳಲಿ?
ಎರಡು ಸಲ ಎದ್ದು ಬಂದೆ. ಎರಡು ಸಲವೂ
ಕೈ ಕಟ್ಟಿಕೊಂಡು ಹಿಂದಿರುಗಿದೆ.

ಬೆಳಿಗ್ಗೆ ಎಲ್ಲ ಇದ್ದ ಹಾಗೇ ಇತ್ತು.
ಹೆಪ್ಪುಗಟ್ಟಿದ ಕೊಬ್ಬು, ಕೆಂಪು ಹಣ್ಣಿನ ಗೊಜ್ಜು.
ನಿಂತೇ ಒಂದು ತುಂಡು ಬಾಯಿಗಿಟ್ಟೆ.
ಬಿಸಿಯಲ್ಲಿ ಅಡಗಿದ್ದದ್ದು ತಣಿದ ಮೇಲೆ ಹೇಳಿತು:
ಮರುಗ ಜಾಸ್ತಿ.
ಹನ್ನೆರಡು ವರ್ಷದ ಜಗಳ, ಒಂದೇ ತುತ್ತಿನಲ್ಲಿ
ಸೋತೆ. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ,
ಇದ್ದರೋ ಏನೋ.

ಇಪ್ಪತ್ತೇಳಕ್ಕೆ ನೀರು ಬಂತು, ಫೆರ್ರಿಯೂ ಕೂಗಿತು.
ಹೊಸ ವರ್ಷಕ್ಕೆ ಮೇಜು ಇದೆಯೇ, ಎಷ್ಟು ಜನ, ನಿಂಬೆ ಇದೆಯೇ.
ಇರಿ, ಒಂದು ನಿಮಿಷ ಇರಿ,
ಕುರ್ಚಿ ಹದಿನಾಲ್ಕು ಹಿಂದೆ ಕೊಟ್ಟು ಬರುತ್ತೇನೆ.
ಅಥವಾ ಬೇಡ.